ಚದುರಂಗ: ಸೇನೆಯಿಂದ ಮಣೆಗೆ

ಕನ್ನಡದ ‘ಚದುರಂಗ’ವು ಸಂಸ್ಕೃತದ ‘ಚತುರಂಗ’ದ ತದ್ಭವವಾಗಿದ್ದು, ಮೂಲಪದಕ್ಕೆ ಮೊದಲಿದ್ದ ಅರ್ಥ ಆಟದ್ದಲ್ಲ, ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳುಳ್ಳ ಸೇನೆಯದು. ಮಹಾಭಾರತದ ಆದಿಪರ್ವದ ಲೆಕ್ಕದಂತೆ ಸೇನೆಯ ಅತಿ ಚಿಕ್ಕ ತುಕಡಿಯಾದ ‘ಪತ್ತಿ’ಯಲ್ಲಿ 1 ರಥ, 1 ಆನೆ, 3 ಕುದುರೆ, 5 ಕಾಲಾಳುಗಳಿದ್ದು, ಇದೇ ಪ್ರಮಾಣ ಬೆಳೆಯುತ್ತ ಹೋಗಿ ಒಂದು ಅಕ್ಷೌಹಿಣಿಗೆ 21,870 ರಥ, ಅಷ್ಟೇ ಆನೆ, 65,610 ಕುದುರೆ, 1,09,350 ಕಾಲಾಳು ಎಂದಾಗುತ್ತದೆ. ಆಟವು ಅಂಗಗಳನ್ನು ಉಳಿಸಿಕೊಂಡು ಪ್ರಮಾಣವನ್ನು ಬಿಟ್ಟುಕೊಟ್ಟಿತು.

ಏಳನೆಯ ಶತಮಾನದ ಬಾಣಭಟ್ಟನ ‘ಹರ್ಷಚರಿತ’ದ ಹೊತ್ತಿಗೆ ಪದವು ಮಣೆಯನ್ನೇರಿತ್ತು. ಹರ್ಷನ ಆಳ್ವಿಕೆಯಲ್ಲಿ ಚತುರಂಗದ ಕಲ್ಪನೆ ನಡೆಯುತ್ತಿದ್ದುದು ಅಷ್ಟಾಪದದಲ್ಲಿ, ಅಂದರೆ ಎಂಟೆಂಟು ಮನೆಗಳ ಮಣೆಯ ಮೇಲೆ ಮಾತ್ರ ಎಂದು ಬಾಣ ಶ್ಲೇಷೆಯಾಡುತ್ತಾನೆ. ಅಪರಾಧಿಗಳ ಕೈಕಾಲುಗಳೆಂಬ ನಾಲ್ಕು ಅಂಗಗಳನ್ನು ಕಡಿಯುವ ಶಿಕ್ಷೆ ಆ ರಾಜ್ಯದಲ್ಲಿರಲಿಲ್ಲ ಎಂಬುದು ಅದರ ಇನ್ನೊಂದು ಅರ್ಥ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಈ ಆಟವು ಅರಸರ ವಿನೋದಗಳ ಸಾಲಿನಲ್ಲಿದೆ.

ಕನ್ನಡದ ಆಟಗಾರರ ಮಾತಿನಲ್ಲಿ ಈಗ ರಥವಿಲ್ಲ. ಮೂಲೆಯಲ್ಲಿ ಆನೆ ನಿಂತಿದೆ, ರಾಜ ಮಂತ್ರಿಗಳ ಪಕ್ಕಕ್ಕೆ ಒಂಟೆ ಬಂದಿದೆ. ನಮ್ಮ ಒಂಟೆಗೆ ಸ್ಪೇನಿನವರು ಇಂದಿಗೂ ‘ಅಲ್ಫಿಲ್’ ಎನ್ನುತ್ತಾರೆ. ಅದು ಆನೆಯ ಅರಬ್ಬಿ ಹೆಸರು. ಭಾರತದಿಂದ ಪರ್ಷಿಯಾಕ್ಕೆ ‘ಚತ್ರಂಗ್’ ಆಗಿ, ಅರಬರಲ್ಲಿ ‘ಶತರಂಜ್’ ಆಗಿ ನಡೆದ ಆಟದ ಜೊತೆಗೇ ಹೋದ ಆನೆ ಅದು.

ಇಂದಿನ ಬರಹಗಳಲ್ಲಿ ‘ರಾಜಕೀಯ ಚದುರಂಗ’ವೆಂದರೆ ಬೆನ್ನ ಹಿಂದಿನ ಒಳಸಂಚು. ಈ ಬಳಕೆ ಆಟಕ್ಕೆ ಅನ್ಯಾಯ ಮಾಡುತ್ತದೆ, ಏಕೆಂದರೆ ಇಲ್ಲಿ ಎರಡೂ ಪಕ್ಷಗಳ ಎಲ್ಲ ಕಾಯಿಗಳು ಇಬ್ಬರ ಕಣ್ಣೆದುರಿಗೇ ಇರುತ್ತವೆ. ಪಗಡೆಯ ದಾಳದಂತೆ ಅದೃಷ್ಟದ ಕೈವಾಡವೂ ಇಲ್ಲ.

ಈ ಆಟದ ತೂಕವನ್ನು ಅರಿತವರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡ ಮೇಲೂ ಮೈಸೂರಿನ ಅರಮನೆಯಲ್ಲೇ ಉಳಿದ ಅವರು, ಕುದುರೆಯ ಕಾಯಿ 64 ಮನೆಗಳಲ್ಲಿ ಒಂದೊಂದನ್ನೂ ಒಮ್ಮೆ ಮಾತ್ರ ಮುಟ್ಟಿ ಬರುವ ಕುದುರೆ ನಡಿಗೆಯ ಬಂಧಗಳನ್ನು ಹಲವು ಬಗೆಯಲ್ಲಿ ರಚಿಸಿದರು.