ಗೊಮ್ಮಟನ ಕಲ್ಲಿನೊಳಗಿನ ಬಿಗಿ

ಕಾರ್ಕಳದ ಗೊಮ್ಮಟನ ಪಾದದ ಬಳಿ ನಿಂತಾಗಲೆಲ್ಲ ನನ್ನ ಬೆರಗು ಶಿಲ್ಪಿಯ ಉಳಿಯನ್ನೂ ದಾಟಿ ಕಲ್ಲಿನೊಳಕ್ಕೆ ಇಳಿಯುತ್ತದೆ. 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಏಕಶಿಲೆ. ಇಡೀ ಭೂಮಿಯ ಗುರುತ್ವ ಕೆಳಕ್ಕೆ ಜಗ್ಗುತ್ತಿದ್ದರೂ ಆ ಇಳಿಬಿಟ್ಟ ತೋಳು ಕಳಚಿಲ್ಲ, ಕರಾವಳಿಯ ಮಳೆಗೆ ಮೈ ಕರಗಿಲ್ಲ. ಸಿಲಿಕಾನ್, ಆಮ್ಲಜನಕದ ಪರಮಾಣುಗಳನ್ನು ಹೆಣೆದಿಟ್ಟಿರುವ ವಿದ್ಯುತ್ಕಾಂತ ಬಲದ ಹಿಡಿತ ಅಂಥದ್ದು. ಎರಡು ಪ್ರೋಟಾನುಗಳ ನಡುವೆ ಅದು ಗುರುತ್ವಕ್ಕಿಂತ ಎಷ್ಟು ಪಟ್ಟು ದೊಡ್ಡದು ಗೊತ್ತೆ? 1ರ ಮುಂದೆ 36 ಸೊನ್ನೆ ಇಟ್ಟಷ್ಟು! ಪರಮಾಣುವಿಗೂ ಒಳಗೆ, ಒಂದನ್ನೊಂದು ದೂಡುವ ಪ್ರೋಟಾನುಗಳನ್ನು ಒಟ್ಟಿಗೆ ಹಿಡಿದಿರುವುದು ಪ್ರಬಲ ನ್ಯೂಕ್ಲಿಯರ್ ಬಲ. ಅದರ ಕೈ ಪರಮಾಣುವಿನ ನ್ಯೂಕ್ಲಿಯಸ್ಸಿನಾಚೆ ಚಾಚದು. ಈ ಬಿಗಿಯನ್ನು ಕಾಣಲು ಹನ್ನೆರಡು ವರ್ಷಕ್ಕೊಮ್ಮೆ ಬರುವ ಗೊಮ್ಮಟನ ಮಸ್ತಕಾಭಿಷೇಕಕ್ಕೆ ಕಾಯಬೇಡಿ. ಬಿಡುವಾದ ದಿನ ಬೆಟ್ಟ ಹತ್ತಿ, ಆ ಕಲ್ಲನ್ನು ಕಣ್ತುಂಬ ನೋಡಿ.