ಬಿಸಿಯಾದ ಮೇಲೆ ಸೋಲುವ ರೋಟರಿ: ಒಂದು ದೂರಿನ ವ್ಯಾಖ್ಯಾನ

ಮಾಜ್ದಾ ಆರ್‌ಎಕ್ಸ್-8 ಕಾರಿನ ತಯಾರಿಕೆ 2012ರಲ್ಲೇ ನಿಂತಿತು. ಆದರೂ ಜಪಾನ್, ಇಂಗ್ಲೆಂಡ್, ಅಮೆರಿಕ, ಆಸ್ಟ್ರೇಲಿಯಾ, ಗಲ್ಫ್ ದೇಶಗಳಲ್ಲಿ ಅದು ಇಂದಿಗೂ ಕೈಯಿಂದ ಕೈಗೆ ದಾಟುತ್ತಿದೆ. ಪಿಸ್ಟನ್ ಇಲ್ಲದ ಎಂಜಿನ್ನಿಗೆ ಮನಸೋತು ಕೊಂಡವರು ಒಂದು ದಿನ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೇಳುವ ದೂರು ಹೆಚ್ಚುಕಡಿಮೆ ಒಂದೇ ಬಗೆಯದು. ಅದನ್ನೇ ಎಂಟು ಸಾಲಾಗಿ ಬರೆದುಕೊಂಡಿದ್ದೇನೆ. ಹಳಗನ್ನಡ ಪದ್ಯಕ್ಕೆ ಟೀಕೆ ಬರೆಯುವವರು ಒಂದೊಂದು ಪದದ ಮುಂದೆಯೂ ನಿಲ್ಲುತ್ತಾರಲ್ಲ, ಹಾಗೆ ಈ ಸಾಲುಗಳ ಮುಂದೆ ನಿಲ್ಲೋಣ. ಒಡೆಯರ ಮಾತಿನಲ್ಲೇ ಅರ್ಧ ರೋಗನಿರ್ಣಯ ಅಡಗಿರುತ್ತದೆ. ಉಳಿದರ್ಧ ಅಳತೆಯಿಂದ ಬರಬೇಕು.

ಮೊದಲು ಎಂಜಿನ್ನಿನ ಪರಿಚಯ. ನಡು ತುಸು ಕುಗ್ಗಿದ ಮೊಟ್ಟೆಯಾಕಾರದ ಒಂದು ಮನೆ, ಅದು ಹೌಸಿಂಗ್. ಅದರೊಳಗೆ ಪಕ್ಕಗಳು ಉಬ್ಬಿದ ಒಂದು ತ್ರಿಕೋನ, ಅದು ರೋಟರ್. ತ್ರಿಕೋನದ ಮೂರು ಪಕ್ಕಕ್ಕೂ ಹೌಸಿಂಗಿನ ಗೋಡೆಗೂ ನಡುವೆ ಉಳಿಯುವ ಮೂರು ಜಾಗಗಳೇ ಕೋಣೆಗಳು. ತ್ರಿಕೋನದ ಮೂರು ಮೂಲೆಗೆ ಮೂರು ಅಪೆಕ್ಸ್ ಸೀಲ್, ಎರಡು ಬದಿಗೆ ಸೈಡ್ ಸೀಲ್‌ಗಳು. ರೋಟರ್ ಒಂದು ಸುತ್ತು ಬರುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಆರ್‌ಎಕ್ಸ್-8ರಲ್ಲಿ ಇಂಥ ರೋಟರ್ ಎರಡು. 654 ಸಿಸಿಯಂತೆ ಒಟ್ಟು 1308 ಸಿಸಿ. ಒಂದೊಂದು ರೋಟರಿಗೆ ಎರಡು ಪ್ಲಗ್: ಲೀಡಿಂಗ್ ಮತ್ತು ಟ್ರೇಲಿಂಗ್. ಇಷ್ಟು ಮನಸ್ಸಿನಲ್ಲಿದ್ದರೆ ಸಾಕು.

1. "ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿ ಓಡುತ್ತದೆ."

ಇಲ್ಲಿ ಮುಖ್ಯ ಪದ 'ಚೆನ್ನಾಗಿ'. ಎಷ್ಟು ಚೆನ್ನಾಗಿ ಎಂದು ಕೇಳಲೇಬೇಕು. ತಣ್ಣಗಿರುವ ಎಂಜಿನ್ನನ್ನು ಬುದ್ಧಿಯಿದ್ದವರು ಯಾರೂ ಐದಾರು ಸಾವಿರ ಆರ್‌ಪಿಎಂಗೆ ಏರಿಸುವುದಿಲ್ಲ. ಮನೆಯ ಬೀದಿಯಲ್ಲಿ ಎರಡು ಸಾವಿರದಲ್ಲಿ ಮೆಲ್ಲಗೆ ಹೋದ ಗಾಡಿಯನ್ನು ಚೆನ್ನಾಗಿತ್ತು ಅನ್ನುತ್ತಾರೆ. ಹೆದ್ದಾರಿಯಲ್ಲಿ ಆರು ಸಾವಿರ ಕೇಳಿದಾಗ ಸೋತರೆ ಬಿಸಿಯಾದ ಮೇಲೆ ಸೋತಿತು ಅನ್ನುತ್ತಾರೆ. ಅಲ್ಲಿ ಬದಲಾದದ್ದು ಶಾಖವೋ, ಹೊರೆಯೋ? ಎರಡನ್ನೂ ಬೇರ್ಪಡಿಸದೆ ಮುಂದೆ ಹೋಗುವಂತಿಲ್ಲ. ಒಂದೇ ರಸ್ತೆ, ಒಂದೇ ಗೇರ್, ಎಂಜಿನ್‌ಗೆ ಒಗ್ಗುವ ಮಧ್ಯಮ ವೇಗ. ತಣ್ಣಗಿರುವಾಗ ಒಮ್ಮೆ, ಪೂರ್ತಿ ಬಿಸಿಯಾದ ಮೇಲೆ ಒಮ್ಮೆ ಓಡಿಸಿ ನೋಡಬೇಕು. ವ್ಯತ್ಯಾಸ ಆಗಲೂ ಕಂಡರೆ ಮಾತ್ರ ಇದು ಶಾಖದ ರೋಗ.

2. "ಹದಿನೈದು ನಿಮಿಷ ಓಡಿ ಬಿಸಿಯಾದ ಮೇಲೆ ಪಿಕಪ್ ಹೋಗುತ್ತದೆ."

ಹದಿನೈದು ನಿಮಿಷದಲ್ಲಿ ಎಂಜಿನ್ನಿನ ಒಳಗೆ ಮೂರು ಸಂಗತಿ ಬದಲಾಗುತ್ತವೆ.

ಒಂದು, ಕಂಪ್ಯೂಟರಿನ ನಡೆ. ತಣ್ಣಗಿರುವಾಗ ಅದು ಆಕ್ಸಿಜನ್ ಸೆನ್ಸರಿನ ಮಾತು ಕೇಳದೆ, ತನ್ನ ಲೆಕ್ಕದಂತೆ ಪೆಟ್ರೋಲ್ ಜಾಸ್ತಿ ಕೊಡುತ್ತದೆ. ಬಿಸಿಯಾದ ಮೇಲೆ ಸೆನ್ಸರ್ ಹೇಳಿದಂತೆ ಅಳೆದು ಕೊಡುತ್ತದೆ. ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಎಣ್ಣೆ, ಧೂಳು ಮೆತ್ತಿದ್ದರೆ ಅಥವಾ ಗಾಳಿಯ ಕೊಳವೆ ಎಲ್ಲೋ ಸೀಳಿದ್ದರೆ, ಆ ಜಾಸ್ತಿ ಪೆಟ್ರೋಲ್ ಇರುವವರೆಗೆ ದೋಷ ಮುಚ್ಚಿಹೋಗಿರುತ್ತದೆ. ಬಿಸಿಯಾದ ಮೇಲೆ ಹೊರಬೀಳುತ್ತದೆ. ಸ್ಕ್ಯಾನರಿನಲ್ಲಿ ಫ್ಯೂಯೆಲ್ ಟ್ರಿಮ್ ನೋಡಿದರೆ ಇದು ಐದು ನಿಮಿಷದ ಕೆಲಸ. ಟ್ರಿಮ್ ಸದಾ ಶೇಕಡಾ 10ಕ್ಕಿಂತ ಮೇಲೆ ನಿಂತಿದ್ದರೆ ಮೊದಲು ಗಾಳಿಯ ದಾರಿಯನ್ನೇ ಹುಡುಕಿ.

ಎರಡು, ಗಾಳಿಯ ಸಾಂದ್ರತೆ. 20 ಡಿಗ್ರಿಯ ಗಾಳಿ ಬಾನೆಟ್ಟಿನ ಕೆಳಗೆ 60 ಡಿಗ್ರಿಗೆ ಏರಿದರೆ ಅದರ ತೂಕ ಸುಮಾರು ಶೇಕಡಾ 12ರಷ್ಟು ಇಳಿಯುತ್ತದೆ. ಗಲ್ಫಿನ ಬೇಸಿಗೆಯ ಟ್ರಾಫಿಕ್ಕಿನಲ್ಲಿ ಪಿಕಪ್ ತುಸು ಕುಗ್ಗುವುದು ಈ ಕಾರಣಕ್ಕೇ. ಅಷ್ಟನ್ನು ರೋಗವೆಂದು ಎಣಿಸಬಾರದು.

ಮೂರು, ಲೋಹ, ರಬ್ಬರು, ತಾಮ್ರದ ಸುರುಳಿಗಳು ಕಾಯುವುದು. ನಿಜವಾದ ರೋಗಗಳು ಹೆಚ್ಚಾಗಿ ಇರುವುದು ಇಲ್ಲೇ.

3. "ಕಾಲು ಒತ್ತಿದರೆ ತಡವರಿಸುತ್ತದೆ, ಚೆಕ್ ಎಂಜಿನ್ ದೀಪ ಮಿನುಗುತ್ತದೆ."

ಇಡೀ ದೂರಿನಲ್ಲಿ ಅತಿ ಬೆಲೆಯುಳ್ಳ ಸಾಲು ಇದು. 'ಉರಿಯುತ್ತದೆ' ಎಂದಿಲ್ಲ, 'ಮಿನುಗುತ್ತದೆ' ಎಂದಿದೆ. ದೀಪ ಸುಮ್ಮನೆ ಉರಿದರೆ ಏನೋ ದೋಷ ದಾಖಲಾಗಿದೆ ಎಂದರ್ಥ. ಮಿನುಗಿದರೆ ಮಿಸ್‌ಫೈರ್ ಆಗುತ್ತಿದೆ, ಉರಿಯದ ಪೆಟ್ರೋಲ್ ಸೈಲೆನ್ಸರಿನ ಕಡೆಗೆ ಹೋಗುತ್ತಿದೆ, ಕಾಲು ತೆಗೆಯಿರಿ ಎಂದರ್ಥ.

ಆರ್‌ಎಕ್ಸ್-8ರಲ್ಲಿ ಮೊದಲ ಅನುಮಾನ ಇಗ್ನಿಷನ್ ಕಾಯಿಲ್‌ಗಳ ಮೇಲೆ. ಒಂದು ಲೆಕ್ಕ ನೋಡಿ. ಪಿಸ್ಟನ್ ಎಂಜಿನ್ನಿನಲ್ಲಿ ಒಂದು ಸಿಲಿಂಡರಿಗೆ ಎರಡು ಸುತ್ತಿಗೊಮ್ಮೆ ಕಿಡಿ ಬೇಕು. ರೋಟರಿಯಲ್ಲಿ ಶಾಫ್ಟಿನ ಪ್ರತಿ ಸುತ್ತಿಗೂ ಕಿಡಿ ಬೇಕು. 9000 ಆರ್‌ಪಿಎಂನಲ್ಲಿ ಒಂದು ಕಾಯಿಲ್ ಸೆಕೆಂಡಿಗೆ 150 ಸಲ ಕಿಡಿ ಹಾರಿಸಬೇಕು. ಅದೇ ವೇಗದ ಪಿಸ್ಟನ್ ಎಂಜಿನ್ನಿನ ಕಾಯಿಲಿಗೆ 75 ಸಲದ ದುಡಿಮೆ. ಇಮ್ಮಡಿ ದುಡಿದ ಕಾಯಿಲ್ ಬೇಗ ಸವೆಯುತ್ತದೆ. ಬಿಸಿಯಾದ ತಾಮ್ರದ ತಂತಿಯಲ್ಲಿ ಕರೆಂಟಿಗೆ ತಡೆ ಹೆಚ್ಚುತ್ತದೆ, ಹಳೆಯ ಇನ್ಸುಲೇಷನ್ನಿನ ಬಿರುಕಿನಲ್ಲಿ ಸೋರಿಕೆ ಶುರುವಾಗುತ್ತದೆ. ಕಾಲು ಒತ್ತಿದಾಗ ಕೋಣೆಯಲ್ಲಿ ಒತ್ತಡ ಏರಿ, ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಸುಸ್ತಾದ ಕಾಯಿಲ್ ಸೋಲುವುದು ಆ ಗಳಿಗೆಯಲ್ಲೇ.

ಇನ್ನೊಂದು ಸೂಕ್ಷ್ಮವಿದೆ. ಒಂದು ರೋಟರಿಗೆ ಎರಡು ಪ್ಲಗ್ ಇರುವುದರಿಂದ ಒಂದು ಕಾಯಿಲ್ ಸತ್ತರೂ ಇನ್ನೊಂದು ಗಾಡಿಯನ್ನು ಹೇಗೋ ಓಡಿಸುತ್ತದೆ. ಟ್ರೇಲಿಂಗ್ ಕಾಯಿಲ್ ಹೋದರೆ ಕೆಲವರಿಗೆ ಗೊತ್ತೇ ಆಗುವುದಿಲ್ಲ. ಲೀಡಿಂಗ್ ಹೋದರೆ ಪಿಕಪ್ ಎದ್ದುಕಾಣುವಂತೆ ಬೀಳುತ್ತದೆ. ಆದ್ದರಿಂದ 'ಓಡುತ್ತಿದೆಯಲ್ಲ, ಕಾಯಿಲ್ ಸರಿಯಿರಬೇಕು' ಎಂಬ ವಾದ ಇಲ್ಲಿ ನಿಲ್ಲದು.

ಪರೀಕ್ಷೆಯನ್ನು ಬಿಸಿಯಿರುವಾಗಲೇ ಮಾಡಬೇಕು. ಗಾಡಿಯನ್ನು ಸಂಜೆ ತಂದು ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗ ಮಲ್ಟಿಮೀಟರ್ ಇಟ್ಟು ನೋಡಿ, ನಾಲ್ಕೂ ಕಾಯಿಲ್ ಸರಿಯಿವೆ ಎಂದರೆ ಆ ಮಾತಿಗೆ ಬೆಲೆಯಿಲ್ಲ. ಅನುಮಾನದ ಕಾಯಿಲನ್ನು ಇನ್ನೊಂದು ರೋಟರಿನ ಅದೇ ಜಾಗಕ್ಕೆ ಅದಲುಬದಲು ಮಾಡಿ ಮತ್ತೆ ಓಡಿಸಿ. ಮಿಸ್‌ಫೈರ್ ಕೋಡ್ ಅದರ ಹಿಂದೆಯೇ ಹೋದರೆ ಕಳ್ಳ ಸಿಕ್ಕಂತೆ. ಪ್ಲಗ್ ಬದಲಿಸುವಾಗಲೂ ಎಚ್ಚರ ಬೇಕು. ಲೀಡಿಂಗ್, ಟ್ರೇಲಿಂಗ್ ಪ್ಲಗ್‌ಗಳು ಬೇರೆ ಬೇರೆ ಜಾತಿಯವು. ಒಂದರ ಜಾಗಕ್ಕೆ ಇನ್ನೊಂದು ಸಲ್ಲದು.

4. "ಐದು ಸಾವಿರ ದಾಟುವುದಿಲ್ಲ, ಕಾಲ ಬುಡದಲ್ಲಿ ಕಾವು."

ಮೂರನೆಯ ಸಾಲನ್ನು ಕೇಳಿಸಿಕೊಳ್ಳದೆ ತಿಂಗಳುಗಟ್ಟಲೆ ಓಡಿಸಿದವರಿಗೆ ಬರುವ ಸಾಲು ಇದು. ಉರಿಯದೆ ಹೊರಬಿದ್ದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗೆ ಉರಿಯುತ್ತದೆ. ಅಲ್ಲಿನ ಜೇನುಗೂಡಿನಂಥ ಸಣ್ಣ ಸಣ್ಣ ರಂಧ್ರಗಳು ಕರಗಿ ಮುಚ್ಚಿಹೋಗುತ್ತವೆ. ಆಮೇಲೆ ಎಂಜಿನ್ ಉಸಿರು ಎಳೆದುಕೊಳ್ಳಬಲ್ಲದು, ಬಿಡಲಾರದು. ಬಿಸಿಯಾದಷ್ಟೂ ಹೊಗೆ ಹಿಗ್ಗುವುದರಿಂದ ಇಕ್ಕಟ್ಟು ಇನ್ನೂ ಹೆಚ್ಚು. ರೋಟರಿಯ ಹೊಗೆಗೆ ಮೊದಲೇ ಪಿಸ್ಟನ್ ಎಂಜಿನ್ನಿನದಕ್ಕಿಂತ ಕಾವು ಜಾಸ್ತಿ.

ಇದನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ ಆ ತೂತಿಗೆ ಪ್ರೆಶರ್ ಗೇಜ್ ಹಾಕಿ. ಗ್ಯಾರೇಜುಗಳ ರೂಢಿಯ ಲೆಕ್ಕದಲ್ಲಿ 2500 ಆರ್‌ಪಿಎಂಗೆ 3 ಪಿಎಸ್‌ಐ ದಾಟಿದರೆ ದಾರಿ ಕಟ್ಟಿದೆ ಎಂದೇ ಅರ್ಥ. ಕನ್ವರ್ಟರ್ ಬದಲಿಸುವ ಮುನ್ನ ಅದನ್ನು ಕೊಂದ ಕಾಯಿಲನ್ನು ಬದಲಿಸಿ. ಇಲ್ಲದಿದ್ದರೆ ಹೊಸದಕ್ಕೂ ಅದೇ ಗತಿ.

5. "ಬಂಕಿನಲ್ಲಿ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ."

ಈ ಸಾಲು ಬಂದರೆ ದೂರು ಗಂಭೀರವಾಯಿತು. ಬಿಸಿ ಎಂಜಿನ್ ಸ್ಟಾರ್ಟ್ ಆಗದಿರುವುದು ಕಂಪ್ರೆಷನ್ ಇಳಿದದ್ದರ ಹಳೆಯ ಗುರುತು. ತಣ್ಣಗಿರುವಾಗ ಗಟ್ಟಿಯಾಗಿರುವ ಆಯಿಲ್, ಸೀಲ್‌ಗಳ ಸಂದಿಯನ್ನು ಮುಚ್ಚಿ ಕೆಲಸ ನಡೆಸುತ್ತದೆ. ಕಾದ ಮೇಲೆ ಅದು ನೀರಾಗುತ್ತದೆ, ಸವೆದ ಸಂದಿ ತೆರೆದುಕೊಳ್ಳುತ್ತದೆ. ಸ್ಟಾರ್ಟರ್ ಮೋಟಾರ್ ಕೂಡ ಕಾದು ನಿಧಾನವಾಗುತ್ತದೆ.

ಸೀಲ್‌ಗಳ ಕಥೆ ರೋಟರಿಯಷ್ಟೇ ಹಳೆಯದು. 1960ರ ದಶಕದಲ್ಲಿ ಹಿರೋಶಿಮಾದ ಮಾಜ್ದಾದಲ್ಲಿ ಕೆನಿಚಿ ಯಾಮಾಮೊಟೊ ಅವರ ತಂಡ ಪ್ರಯೋಗದ ಎಂಜಿನ್‌ಗಳನ್ನು ಬಿಚ್ಚಿದಾಗ ಹೌಸಿಂಗಿನ ಗೋಡೆಯಲ್ಲಿ ಸಾಲು ಸಾಲು ಗೀರುಗಳು. ಅದಕ್ಕೆ ಅವರಿಟ್ಟ ಹೆಸರು 'ದೆವ್ವದ ಉಗುರಿನ ಗುರುತು'. ಅಪೆಕ್ಸ್ ಸೀಲ್ ಅದುರುತ್ತ ಗೋಡೆಯನ್ನು ಕೆರೆಯುತ್ತಿತ್ತು. ಕಾರ್ಬನ್ ಮತ್ತು ಅಲ್ಯೂಮಿನಿಯಂ ಬೆರೆಸಿದ ಸೀಲ್ ಮಾಡಿ ಆ ಪಿಡುಗನ್ನು ನೀಗಿಸಿದ ಮೇಲೆಯೇ 1967ರಲ್ಲಿ ಕಾಸ್ಮೊ ಸ್ಪೋರ್ಟ್ ರಸ್ತೆಗಿಳಿಯಿತು.

ಪರೀಕ್ಷೆ ಹೀಗೆ. ಎಂಜಿನ್ ಬಿಸಿಯಿರಬೇಕು, ಬ್ಯಾಟರಿ ತುಂಬಿರಬೇಕು, ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮದಂತೆ ತಪ್ಪಿಸಿರಬೇಕು. ಒಂದು ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ, ಸೆಲ್ಫ್ ಹೊಡೆಸಿ ಕಿವಿಗೊಡಿ. ಪುಸ್, ಪುಸ್, ಪುಸ್: ಮೂರೂ ಒಂದೇ ಬಲದಲ್ಲಿ, ಒಂದೇ ಲಯದಲ್ಲಿ ಬರಬೇಕು. ಪುಸ್, ಪುಸ್ ಎಂದು ಮೂರನೆಯದು ತಪ್ಪಿದರೆ ಆ ಕೋಣೆ ಸೋರುತ್ತಿದೆ. ಇದು ಕಿವಿಯ ಸಾಕ್ಷಿ. ಅಂಕಿಗೆ ರೋಟರಿಯದೇ ಟೆಸ್ಟರ್ ಬೇಕು. ಸಾಮಾನ್ಯ ಗೇಜ್ ಮೂರು ಕೋಣೆಗಳಲ್ಲಿ ಹೆಚ್ಚಿನದನ್ನೇ ಹಿಡಿದು ತೋರಿಸಿ, ಸತ್ತ ಕೋಣೆಯನ್ನು ಬಚ್ಚಿಡುತ್ತದೆ.

ಆರ್‌ಎಕ್ಸ್-8ಗೆ ಮಾಜ್ದಾ ಕೊಟ್ಟ ಅಳತೆ 250 ಆರ್‌ಪಿಎಂ ಲೆಕ್ಕದಲ್ಲಿ 830 ಕಿಲೊಪಾಸ್ಕಲ್. 680ಕ್ಕಿಂತ ಕೆಳಗಿಳಿಯಬಾರದು; ಒಂದೇ ರೋಟರಿನ ಕೋಣೆಗಳ ನಡುವೆ 150ಕ್ಕಿಂತ ಹೆಚ್ಚು ಅಂತರ ಇರಬಾರದು. ಅಂಕಿಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಒಂದು ಅಪೆಕ್ಸ್ ಸೀಲ್ ಎರಡು ಕೋಣೆಗಳ ನಡುವಿನ ಗೋಡೆ. ಅದು ಹೋದರೆ ಎರಡು ಅಂಕಿ ಒಟ್ಟಿಗೆ ಬೀಳುತ್ತವೆ. ಒಂದೇ ಅಂಕಿ ಬಿದ್ದರೆ ಆ ಬದಿಯ ಸೈಡ್ ಸೀಲ್ ಮಸಿಗೆ ಸಿಕ್ಕಿ ಅಂಟಿರಬಹುದು. ಮೂರೂ ಸಮನಾಗಿ ಇಳಿದಿದ್ದರೆ ಅದು ವಯಸ್ಸು.

ಸ್ಟಾರ್ಟ್ ಆಗದಿದ್ದರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಬೇಡಿ. ಪ್ಲಗ್‌ಗಳು ಪೆಟ್ರೋಲಿನಲ್ಲಿ ನೆನೆದುಹೋಗುತ್ತವೆ. ಆಕ್ಸಿಲರೇಟರನ್ನು ತಳದವರೆಗೆ ಒತ್ತಿ ಹಿಡಿದರೆ ಪೆಟ್ರೋಲ್ ನಿಂತು ಬರೀ ಗಾಳಿ ಹಾಯುತ್ತದೆ, ಒಳಗಿನ ಒದ್ದೆ ಹೊರಬೀಳುತ್ತದೆ.

6. "ತಣಿದ ಮೇಲೆ ಮೊದಲಿನಂತೆ."

ಕಾಯಿಲ್, ಕಂಪ್ರೆಷನ್, ಶಾಫ್ಟಿನ ತಿರುವನ್ನು ಕಂಪ್ಯೂಟರಿಗೆ ತಿಳಿಸುವ ಸೆನ್ಸರ್ ಮೂರೂ ಹೀಗೆಯೇ ವರ್ತಿಸುವುದರಿಂದ ಈ ಸಾಲು ತಾನಾಗಿ ಯಾವುದನ್ನೂ ಸಾಬೀತು ಮಾಡದು. ತಣಿದಾಗ ಸರಿಯಾಯಿತೆಂದು ನೆಮ್ಮದಿಪಡುವುದು ಮಾತ್ರ ತಪ್ಪು.

7. "ಎಂಜಿನ್ ಆಯಿಲ್ ಬೇರೆ ಕುಡಿಯುತ್ತದೆ."

ಇದನ್ನು ದೂರಿನ ಪಟ್ಟಿಯಿಂದ ತೆಗೆದುಬಿಡಿ. ಸೀಲ್‌ಗಳಿಗೆ ಜಿಡ್ಡು ಬೇಕೆಂದೇ ಒಂದು ಪಂಪು ಅಳೆದು ಅಳೆದು ಆಯಿಲನ್ನು ಕೋಣೆಯೊಳಗೆ ಬಿಡುತ್ತದೆ. ಅದು ಪೆಟ್ರೋಲಿನ ಜೊತೆ ಉರಿಯುತ್ತದೆ. ರೋಟರಿಯ ರಚನೆಯೇ ಹಾಗೆ. ಸಾವಿರಾರು ಕಿಲೋಮೀಟರ್ ಓಡಿದರೂ ಆಯಿಲ್ ಇಳಿಯಲೇ ಇಲ್ಲವೆಂದರೆ ಆಗ ಚಿಂತಿಸಬೇಕು; ಪಂಪು ನಿಂತಿರಬಹುದು, ಸೀಲ್ ಒಣಗುತ್ತಿರಬಹುದು. ಎರಡು ಸಲ ಪೆಟ್ರೋಲ್ ತುಂಬಿಸಿದಾಗಲೊಮ್ಮೆ ಡಿಪ್‌ಸ್ಟಿಕ್ ಎಳೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಕೂಲಂಟ್ ಇಳಿಯುತ್ತಿದ್ದರೆ ಮಾತ್ರ ಅದು ಬೇರೆಯೇ ರೋಗ. ಆ ಗಾಡಿಯನ್ನು ಮುಂದೆ ಓಡಿಸಬೇಡಿ.

8. "ಎಂಜಿನ್ ಹೋಗಿದೆ, ಬದಲಾಯಿಸಿ ಅಂದರು."

ಈ ಸಾಲು ಒಡೆಯರದಲ್ಲ, ಗ್ಯಾರೇಜಿನವರದು. ಅದಕ್ಕೇ ಇದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಪ್ರಶ್ನಿಸಬೇಕು. ಯಾವ ಅಳತೆಯಿಂದ ಅಂದರು? ಜರ್ಮನಿಯ ಎನ್‌ಎಸ್‌ಯು ಕಂಪನಿ 1967ರಲ್ಲಿ ತಂದ ರೋ 80 ಎಂಬ ರೋಟರಿ ಕಾರಿನಲ್ಲಿ ಸೀಲ್‌ಗಳ ದೋಷವಿದ್ದದ್ದು ನಿಜ. ಅದರ ಜೊತೆಗೆ, ಹೊಸ ಎಂಜಿನ್ನಿನ ಗುಣ ತಿಳಿಯದ ಡೀಲರುಗಳು, ಮೆಕ್ಯಾನಿಕ್ಕುಗಳ ಕೈಗೆ ಸಿಕ್ಕಿ ಆ ಕಾರಿನ ಹೆಸರು ಇನ್ನಷ್ಟು ಕೆಟ್ಟಿತು. ವಾರಂಟಿಯ ಖರ್ಚಿನಲ್ಲಿ ಬಸವಳಿದ ಎನ್‌ಎಸ್‌ಯು 1969ರಲ್ಲಿ ಫೋಕ್ಸ್‌ವ್ಯಾಗನ್ ಪಾಲಾಯಿತು. ಆ ಅಜ್ಞಾನ ಇಂದಿಗೂ ಪೂರ್ತಿ ಹೋಗಿಲ್ಲ. ಕಾಯಿಲ್ ಸತ್ತ ಗಾಡಿಗೂ ಎಂಜಿನ್ ಸತ್ತಿದೆ ಎಂಬ ತೀರ್ಪು ಬೀಳುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಆರ್‌ಎಕ್ಸ್-8 ಇಟ್ಟುಕೊಂಡವರಿಗೆ ನನ್ನ ವಿನಂತಿ ಇಷ್ಟೆ. ಅಗ್ಗದ ಪರೀಕ್ಷೆಯಿಂದ ದುಬಾರಿಯ ಕಡೆಗೆ ಹೋಗಿ: ಮೊದಲು ಸ್ಕ್ಯಾನರ್, ಆಮೇಲೆ ಕಾಯಿಲ್ ಮತ್ತು ಪ್ಲಗ್, ಆಮೇಲೆ ಕನ್ವರ್ಟರ್, ಕೊನೆಗೆ ಕಂಪ್ರೆಷನ್. ಎಲ್ಲವೂ ಬಿಸಿಯಿರುವಾಗಲೇ ಆಗಲಿ. ಎರಡು ರೋಟರಿಗೆ ಮೂರು ಮೂರರಂತೆ ಆರು ಅಂಕಿಗಳು ಕಾಗದದ ಮೇಲೆ ಬರೆದು ನಿಮ್ಮ ಕೈಗೆ ಬರುವವರೆಗೆ ಎಂಜಿನ್ ಬಿಚ್ಚಲು ಒಪ್ಪಬೇಡಿ.