ನಿಶಿತಾನಿ ಓದಿದ ಎಕಾರ್ಟ್: ಶೂನ್ಯತೆಯಲ್ಲಿ ಪ್ರಾರ್ಥಿಸುವವರಾರು?

ಕ್ಯೋತೋ ಪಂಥದ ತತ್ತ್ವಜ್ಞಾನಿ ಕೇಜಿ ನಿಶಿತಾನಿಯವರ ಮುಖ್ಯ ಕೃತಿ ಜಪಾನಿ ಭಾಷೆಯಲ್ಲಿ ಪ್ರಕಟವಾದುದು 1961ರಲ್ಲಿ. ಬೆಲ್ಜಿಯಂ ಮೂಲದ ಕಥೋಲಿಕ ಗುರು ಯಾನ್ ವಾನ್ ಬ್ರಾಖ್ತ್ ಅವರ ಇಂಗ್ಲಿಷ್ ಅನುವಾದ, ‘ರಿಲಿಜನ್ ಅಂಡ್ ನಥಿಂಗ್‌ನೆಸ್’, 1982ರಲ್ಲಿ ಬಂದಿತು. ಬೌದ್ಧ ಶೂನ್ಯತೆಯ ನೆಲೆಯಲ್ಲಿ ನಿಂತು ಮೈಸ್ಟರ್ ಎಕಾರ್ಟರನ್ನು ಇಷ್ಟು ಆದರದಿಂದ ಓದಿದ ಗ್ರಂಥಗಳು ವಿರಳ. ಆ ಓದನ್ನು ಪರೀಕ್ಷಿಸುವ ಹೊಣೆ ನಮ್ಮ ಮೇಲಿರುವುದೂ ಆದುದರಿಂದಲೇ.

ನಿಶಿತಾನಿಯವರ ಪ್ರಕಾರ ನಾವು ಸಾಮಾನ್ಯವಾಗಿ ಬದುಕುವುದು ಪ್ರಜ್ಞೆಯ ಕ್ಷೇತ್ರದಲ್ಲಿ. ಅಲ್ಲಿ ‘ನಾನು’ ನೋಡುವವನು, ಮಿಕ್ಕುದೆಲ್ಲ ಎದುರಿಗಿರುವ ವಸ್ತು. ದೇವರೂ ಹಾಗೆ ಒಂದು ವಸ್ತುವಾಗಿಬಿಡಬಹುದು. ಸಾವು ಎದುರಾದಾಗ ಈ ಕ್ಷೇತ್ರ ಬಿರಿದು ಅದರಡಿಯ ನಾಸ್ತಿ ಬಾಯ್ದೆರೆಯುತ್ತದೆ. ಶೂನ್ಯತೆ ಆ ನಾಸ್ತಿಯಲ್ಲ. ಅದನ್ನೂ ದಾಟಿದಲ್ಲಿ ಪ್ರತಿಯೊಂದೂ ತನ್ನ ನಿಜದಲ್ಲಿ ತೋರುವ ನೆಲೆ. ಅಲ್ಲಮನ ‘ಬಯಲು’ ಕಿವಿಯಲ್ಲಿರುವ ಕನ್ನಡಿಗರು ಇದನ್ನು ಬರಿಯ ಸೊನ್ನೆಯೆಂದು ತಿಳಿಯಲಾರರು. ಎಕಾರ್ಟರು ‘ದೇವರ’ ಆಚೆಗೆ ಹೇಳುವ ದೈವತ್ವವನ್ನು ನಿಶಿತಾನಿ ಇಂತಹ ಪರಮ ಶೂನ್ಯವೆಂದೇ ಓದುತ್ತಾರೆ.

ಆತ್ಮದ ಬಡತನವನ್ನು ಕುರಿತ ಎಕಾರ್ಟರ ಪ್ರಬೋಧನೆ ಈ ಓದಿಗೆ ಬೆಂಬಲವೀಯುತ್ತದೆ: ದೇವರು ತನ್ನೊಳಗೆ ಕಾರ್ಯವೆಸಗುತ್ತಿರುವ ಅರಿವೂ ನಿಜವಾದ ಬಡವನಿಗಿರದು. 1329ರ ಖಂಡನಾಪತ್ರವನ್ನು ಮುಂದಿಟ್ಟು ಎಕಾರ್ಟರನ್ನು ತಳ್ಳಿಹಾಕುವವರೊಡನೆ ನಾವಿಲ್ಲ. ಅವರು ವಿಶ್ವಾಸವನ್ನು ಒಪ್ಪಿಕೊಂಡೇ ಮಡಿದರೆಂದು ಆ ಪತ್ರವೇ ನುಡಿಯುತ್ತದೆ. ಆದರೆ ‘ಉದಾತ್ತ ಮನುಷ್ಯ’ನನ್ನು ಕುರಿತ ಅವರ ಲೇಖನವನ್ನೂ ಜೊತೆಗಿಟ್ಟು ಓದಬೇಕು. ಪರಮಾನಂದವಿರುವುದು ದೇವರನ್ನು ನಿರಾವರಣವಾಗಿ ಕಾಣುವುದರಲ್ಲಿ, ಕಾಣುತ್ತಿದ್ದೇನೆಂಬ ಅರಿವಿನಲ್ಲಲ್ಲ ಎನ್ನುವ ಎಕಾರ್ಟರು, ಆ ಅರಿವಿಲ್ಲದೆ ಮನುಷ್ಯನು ಧನ್ಯನಾಗಲಾರನೆಂದೂ ಸೇರಿಸುತ್ತಾರೆ. ದೂರದೇಶಕ್ಕೆ ಹೋದ ಕುಲೀನನು ಹಿಂತಿರುಗಿ ಬರುತ್ತಾನೆ (ಲೂಕ 19:12). ಪ್ರಜ್ಞೆ ಅಲ್ಲಿ ಅಳಿಯುವುದಿಲ್ಲ, ತನ್ನ ಸ್ಥಾನವನ್ನರಿಯುತ್ತದೆ.

ನಮ್ಮ ಮುಖ್ಯ ಆಕ್ಷೇಪವಿರುವುದು ಬರಿದಾಗುವಿಕೆಯ ವ್ಯಾಖ್ಯಾನದಲ್ಲಿ. ಕ್ರಿಸ್ತರಲ್ಲಿ ಅದು ಕ್ರಿಯೆ, ಪಿತನಲ್ಲಿ ಅದು ಸ್ವಭಾವವೆನ್ನುವ ನಿಶಿತಾನಿ, ಒಳ್ಳೆಯವರು ಕೆಟ್ಟವರೆನ್ನದೆ ಉದಯಿಸುವ ಸೂರ್ಯನನ್ನು (ಮತ್ತಾಯ 5:45) ಆ ಭೇದವಿಲ್ಲದ ಪ್ರೀತಿಗೆ ಆಧಾರವಾಗಿ ಹಿಡಿಯುತ್ತಾರೆ. ಸುಂದರವಾದ ಓದು. ಆದರೆ ಅದರ ಹಿಂದಿನ ವಚನವೇ ಹಿಂಸಿಸುವವರಿಗಾಗಿ ಪ್ರಾರ್ಥಿಸಿರೆಂದು ವಿಧಿಸುತ್ತದೆ: ಅಲ್ಲಿ ಮುಖವುಳ್ಳ ಶತ್ರುವಿದ್ದಾನೆ, ಪ್ರಾರ್ಥನೆಗೆ ಕಿವಿಗೊಡುವ ಪಿತನಿದ್ದಾರೆ. ಫಿಲಿಪ್ಪಿಯರ ಪತ್ರದ ಸ್ತೋತ್ರದಲ್ಲಿಯೂ ತಮ್ಮನ್ನೇ ಬರಿದುಮಾಡಿಕೊಂಡವರು ಕೊನೆಗೆ ಒಂದು ನಾಮವನ್ನು ಪಡೆಯುತ್ತಾರೆ (2:9). ಶೂನ್ಯತೆಯ ವ್ಯಾಖ್ಯಾನದಲ್ಲಿ ಈ ನಾಮಕ್ಕೆ ತಕ್ಕ ಎಡೆ ದೊರೆತಿಲ್ಲ.

ಇದು ಪಂಡಿತರ ವಾದವಷ್ಟೇ ಅಲ್ಲ. ಪ್ರಾರ್ಥನೆಗೆ ಕುಳಿತರೆ ಒಳಗೆ ಏನೂ ಇಲ್ಲವೆಂದು ಹೇಳಿಕೊಂಡು ಬರುವವರಿಗೆ, ‘ನೀನು’ ಎಂಬ ಕರೆಯನ್ನೇ ದಾಟಿ ಹೋಗಿರೆಂದು ನಾವು ಹೇಳಬಹುದೆ? ಧರ್ಮಸಭೆ ಶುಕ್ರವಾರದ ರಾತ್ರಿಯ ಪ್ರಾರ್ಥನೆಗೆ 88ನೆಯ ಕೀರ್ತನೆಯನ್ನು ಇಟ್ಟಿದೆ. ಅದು ಕತ್ತಲೆಯಲ್ಲಿಯೇ ಮುಗಿಯುತ್ತದೆ, ಸಾಂತ್ವನದ ಒಂದು ಸಾಲೂ ಕೊನೆಗಿಲ್ಲ. ಆದರೂ ಮೊದಲಿಂದ ಕಡೆಯವರೆಗೆ ಅದು ದೇವರನ್ನು ಉದ್ದೇಶಿಸಿಯೇ ಮಾತಾಡುತ್ತದೆ.